ವೃತ್ತಿಪರ ಫುಟ್‌ಬಾಲ್: ದೈಹಿಕ ಕ್ಷಮತೆ ಮತ್ತು ಆಟದ ಮಟ್ಟದ ಇತಿಹಾಸ

ಹಣ ಪಡೆದು ಫುಟ್‌ಬಾಲ್ ಆಡಲು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಪ್ಪಿದ್ದು 1885ರಲ್ಲಿ. ಲೀಗ್ ಶುರುವಾದದ್ದು 1888ರಲ್ಲಿ. ಆಟ ಸಂಬಳದ ಕಸುಬಾದರೂ ತಾಲೀಮಿನ ಕ್ರಮ ಬಹುಕಾಲ ಹಳೆಯದೇ ಉಳಿಯಿತು: ಮೈದಾನದ ಸುತ್ತ ಓಟ, ಸ್ಕಿಪ್ಪಿಂಗ್, ದೂರದ ನಡಿಗೆ. ವಾರವಿಡೀ ಚೆಂಡು ಮುಟ್ಟಗೊಡದಿದ್ದರೆ ಆಟಗಾರ ಶನಿವಾರದ ಪಂದ್ಯದಲ್ಲಿ ಅದಕ್ಕೆ ಹಸಿದು ಬೀಳುತ್ತಾನೆ ಎಂಬ ನಂಬಿಕೆ ಅನೇಕ ಕ್ಲಬ್‌ಗಳಲ್ಲಿ ಬೇರೂರಿತ್ತು. ಇಂಗ್ಲಿಷ್ ಆಟಕ್ಕೆ ಇದರಿಂದ ಆದ ನಷ್ಟ ದೊಡ್ಡದು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೆರಿ ಇಂಗ್ಲೆಂಡ್ ವಿರುದ್ಧ 6–3ರಿಂದ ಗೆದ್ದಾಗ ಅದು ಎಲ್ಲರ ಕಣ್ಣಿಗೂ ಬಿತ್ತು. ಮುಂಪಡೆಯ ಹಿಡೆಗ್‌ಕುಟಿ ಪದೇ ಪದೇ ಹಿಂದಕ್ಕೆ ಸರಿಯುತ್ತಿದ್ದ. ಬೆನ್ನಟ್ಟಬೇಕೋ ಜಾಗ ಕಾಯಬೇಕೋ ತಿಳಿಯದೆ ರಕ್ಷಕ ಹ್ಯಾರಿ ಜಾನ್‌ಸ್ಟನ್ ತಬ್ಬಿಬ್ಬಾದ. ಹಿಡೆಗ್‌ಕುಟಿ ಮೂರು ಗೋಲು ಹೊಡೆದ.

ಆ ಕಾಲದ ಆಟಗಾರರ ಗಟ್ಟಿತನವನ್ನು ಮಾತ್ರ ಕಡೆಗಣಿಸಲಾಗದು. ಬದಲಿ ಆಟಗಾರ ಎಂಬುದೇ ಇರಲಿಲ್ಲ. ಪೆಟ್ಟು ಬಿದ್ದವನು ಅಂಚಿನಲ್ಲಿ ಕುಂಟುತ್ತಲೇ ಪಂದ್ಯ ಮುಗಿಸಬೇಕಿತ್ತು. 1956ರ ಎಫ್.ಎ. ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲಿ ಬರ್ಟ್ ಟ್ರೌಟ್‌ಮನ್ ಕತ್ತಿನ ಮೂಳೆ ಮುರಿದಿದ್ದರೂ ಕೊನೆಯವರೆಗೆ ನಿಂತ. ಇಂಗ್ಲಿಷ್ ಲೀಗ್ ಬದಲಿ ಆಟಗಾರನಿಗೆ ಅವಕಾಶ ಕೊಟ್ಟಿದ್ದು 1965ರಲ್ಲಿ.

ಅಳತೆ, ಲೆಕ್ಕಾಚಾರಗಳನ್ನು ತಾಲೀಮಿಗೆ ತಂದವರಲ್ಲಿ ಡೈನಮೋ ಕೀವ್ ತಂಡದ ವಲೇರಿ ಲೊಬನೊವ್‌ಸ್ಕಿ ಮುಖ್ಯ. ವಿಜ್ಞಾನಿ ಅನಾಟೊಲಿ ಜೆಲೆಂತ್ಸೊವ್ ಜೊತೆಗೂಡಿ ಅವರು ಕಟ್ಟಿದ ತಂಡ 1975ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದಿತು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯಬಾರದೆಂಬ 1992ರ ನಿಯಮವೂ ಅಷ್ಟೇ ದೊಡ್ಡ ತಿರುವು. ಕಾಲಹರಣ ಮಾಡಿ ಉಸಿರು ಹಿಡಿದುಕೊಳ್ಳುವ ಒಂದು ದಾರಿ ಅಲ್ಲಿಗೆ ಮುಚ್ಚಿತು. 1996ರಲ್ಲಿ ಆರ್ಸೆನಲ್‌ಗೆ ಬಂದ ಆರ್ಸೆನ್ ವೆಂಗರ್ ಊಟದ ತಟ್ಟೆಯನ್ನೂ ತಾಲೀಮಿನ ಭಾಗವಾಗಿಸಿದರು.

ಇಂದಿನವರು ಹೆಚ್ಚು ದೂರ ಓಡುತ್ತಾರೆ ಎಂಬುದು ಅರ್ಧ ಸತ್ಯ. ಇಂಗ್ಲೆಂಡಿನ ಒಂದನೇ ಡಿವಿಷನ್ ತಂಡವೊಂದರ ಕುರಿತ 1976ರ ಅಧ್ಯಯನದಲ್ಲಿ ಆಟಗಾರನ ಸರಾಸರಿ ಓಡಾಟ ಪಂದ್ಯಕ್ಕೆ ಸುಮಾರು 8.7 ಕಿ.ಮೀ.; ಈಗ 10–11 ಕಿ.ಮೀ. ನಿಜವಾದ ಬದಲಾವಣೆ ಇರುವುದು ವೇಗದಲ್ಲಿ. ಪ್ರೀಮಿಯರ್ ಲೀಗ್‌ನಲ್ಲಿ 2006–07ರಿಂದ 2012–13ರೊಳಗೆ ಒಟ್ಟು ದೂರ ಹೆಚ್ಚಿದ್ದು ಶೇ. 2ರಷ್ಟು ಮಾತ್ರ, ತೀವ್ರಗತಿಯ ಓಟ ಹೆಚ್ಚಿದ್ದು ಸುಮಾರು ಶೇ. 30ರಷ್ಟು. ದೇಹ ಇದಕ್ಕೆ ಬೆಲೆ ತೆರುತ್ತಿದೆ: ಯುರೋಪಿನ ಪ್ರಮುಖ ಕ್ಲಬ್‌ಗಳ ಗಾಯಗಳಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಪಾಲು 2001–02ರಲ್ಲಿ ಶೇ. 12 ಇದ್ದದ್ದು 2021–22ಕ್ಕೆ ಶೇ. 24 ಆಯಿತು. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಬಂದ ಐವರು ಬದಲಿಗಳ ಅವಕಾಶ 2022ರಲ್ಲಿ ಕಾಯಂ ನಿಯಮವಾಯಿತು.