ಕೋಲಾರಕ್ಕೆ ಹೊರಟ ಕರೆಂಟು ದಾರಿಯಲ್ಲಿ ಕರಗಲಿಲ್ಲ

ಮಿಜಾರಿನ ಕಡೆ ಅಡಿಕೆ ತೋಟ ಇರುವವರಿಗೆ ಇದು ಹೊಸದಲ್ಲ. ಟಿಸಿ ಪಕ್ಕದ ಪಂಪು ಧಾರಾಳ ನೀರು ಎತ್ತುತ್ತದೆ; ಅದೇ ಲೈನಿನ ಕೊನೆಯ ತೋಟದ್ದು ಗುಂಯ್‌ಗುಟ್ಟಿ ನಿಲ್ಲುತ್ತದೆ. ನಡುವೆ ಕಾಣೆಯಾದ ಶಕ್ತಿ ತಂತಿಯಲ್ಲೇ ಬಿಸಿಯಾಗಿ ಹೋಗಿರುತ್ತದೆ.

ಈ ತಲೆನೋವು ಹಳೆಯದು. 1840ರ ಸುಮಾರಿಗೆ ರಷ್ಯದಲ್ಲಿದ್ದ ಜರ್ಮನ್ ಮೂಲದ ಎಂಜಿನಿಯರ್ ಮೊರಿಟ್ಜ್ ಯಾಕೋಬಿ ಒಂದು ಲೆಕ್ಕ ಕೊಟ್ಟ: ಬ್ಯಾಟರಿಯ ಒಳಗಿನ ತಡೆಯೂ ಹೊರಗೆ ಜೋಡಿಸಿದ ಯಂತ್ರದ ತಡೆಯೂ ಸಮನಾದಾಗ ಯಂತ್ರಕ್ಕೆ ಅತಿ ಹೆಚ್ಚು ಶಕ್ತಿ ಸಿಗುತ್ತದೆ. ಲೆಕ್ಕ ಸರಿ. ಆದರೆ ಆಗ ಅರ್ಧ ಶಕ್ತಿ ಬ್ಯಾಟರಿಯೊಳಗೇ ಬಿಸಿಯಾಗುತ್ತದೆ. ಹಾಗಾಗಿ ಅರ್ಧ ನಷ್ಟ ಎಂದೂ ತಪ್ಪದು ಅಂತ ತಿಳಿದವರೇ ದಶಕಗಳ ಕಾಲ ನಂಬಿದ್ದರು. 1880ರ ಹೊತ್ತಿಗೆ ಎಡಿಸನ್ ಮತ್ತು ಅವನ ಜೊತೆಗಿದ್ದ ಗಣಿತಜ್ಞ ಫ್ರಾನ್ಸಿಸ್ ಅಪ್ಟನ್ ಒಳತಡೆ ತೀರಾ ಕಡಿಮೆ ಇರುವ ಡೈನಮೋ ಮಾಡಿ ಆ ನಂಬಿಕೆ ಮುರಿದರು.

ಯಾಕೋಬಿಯ ಲೆಕ್ಕ ಹಾಳಾಗಲಿಲ್ಲ. ದೂರದರ್ಶನದ ಹಳೇ ಆಂಟೆನಾ ನೆನಪಿದೆಯಲ್ಲ? ಅದರ ಚಪ್ಪಟೆ ವಯರು 300 ಓಮಿನದು, ದುಂಡನೆ ಕೇಬಲ್ 75ರದು. ಎರಡನ್ನೂ ಹೊಂದಿಸಲು ನಡುವೆ ಒಂದು ಪುಟ್ಟ ಡಬ್ಬಿ, ಬಾಲನ್. ಬರುವುದೇ ಚೂರು ಸಿಗ್ನಲ್. ಅಲ್ಲಿ ಸಿಕ್ಕಿದ್ದಷ್ಟನ್ನೂ ಹೀರಬೇಕು, ನಷ್ಟದ ಚಿಂತೆ ಇಲ್ಲ.

ಕರೆಂಟು ಸಾಗಿಸುವವರಿಗೆ ಚಿಂತೆ ಇರುವುದೇ ನಷ್ಟದ್ದು. ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಕ್ಕೆ ಕಲ್ಲಿದ್ದಲು, ಸೌದೆ ಸುರಿಯುತ್ತಿದ್ದವು. ಕಾವೇರಿಯ ನೀರಿನಿಂದ ಅವಕ್ಕೆ ವಿದ್ಯುತ್ ಕೊಡುವ ಕೆಲಸಕ್ಕೆ ದಿವಾನ ಶೇಷಾದ್ರಿ ಅಯ್ಯರ್ ಬೆನ್ನು ಕೊಟ್ಟರು, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯೋಜನೆ ಹಾಕಿದರು. ಶಿವನಸಮುದ್ರದಿಂದ ಗಣಿಗೆ ಸುಮಾರು 147 ಕಿಲೋಮೀಟರ್, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲೊಂದು. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. 1902ರ ಜೂನ್‌ನಲ್ಲಿ ಹರಿದ ಕರೆಂಟನ್ನು ನೋಡಲಿಲ್ಲ.

ಗುಟ್ಟು ಇರುವುದು ವೋಲ್ಟೇಜಿನಲ್ಲಿ. ಅದನ್ನು ಇಮ್ಮಡಿ ಮಾಡಿದರೆ ಅಷ್ಟೇ ಶಕ್ತಿಗೆ ತಂತಿಯಲ್ಲಿ ಅರ್ಧ ಕರೆಂಟು ಸಾಕು, ಬಿಸಿಯಾಗಿ ಹೋಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಕೋಲಾರದ ಲೈನಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಓಡಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ಅದೇ ಕರೆಂಟಿನಿಂದ.

ಇಂದು ಟಿಸಿವರೆಗೆ 11,000 ವೋಲ್ಟ್ ಬರುತ್ತದೆ. ಅಲ್ಲಿಂದಾಚೆ 400ರ ಆಸುಪಾಸು, ಅಂದರೆ ಅಷ್ಟೇ ಕೆಲಸಕ್ಕೆ ಹಲವು ಪಟ್ಟು ಕರೆಂಟು ಅದೇ ಸಪೂರ ತಂತಿಯಲ್ಲಿ. ಹಾಗಾಗಿ ಕೊನೆಯ ತೋಟದವರು ಅರ್ಜಿ ಬರೆಯುವಾಗ 'ವೋಲ್ಟೇಜ್ ಇಲ್ಲ' ಅಂತ ಮಾತ್ರ ಬರೆಯಬೇಡಿ. ಟಿಸಿಯಿಂದ ಪಂಪಿಗೆ ಎಷ್ಟು ಕಂಬ ಅಂತ ಎಣಿಸಿ, ಅದನ್ನೂ ಬರೆಯಿರಿ.