26 ಕಟ್ಟೆಗಳ ಹಾದಿ

ಹಾದಿಯನ್ನು ಮೈಲಿಯಿಂದಲೋ ಕಿಲೋಮೀಟರಿನಿಂದಲೋ ಅಳೆಯುವುದು ನಮ್ಮ ಕಾಲದ ಅಭ್ಯಾಸ. ಇನ್ನೂರು ವರ್ಷಗಳ ಹಿಂದೆ ನಗರದ ಸೀಮೆಯಿಂದ, ಎಂದರೆ ಹಳೆಯ ಬಿದನೂರಿನಿಂದ, ಆರ್ಕಾಟಿನ ಬಳಿಯ ವಾಲಾಜಾಪೇಟೆಗೆ ಅಡಕೆಯ ಹೇರು ಹೊಡೆದುಕೊಂಡು ಹೋಗುತ್ತಿದ್ದ ವರ್ತಕನನ್ನು ‘ಎಷ್ಟು ದೂರವಯ್ಯ?’ ಎಂದು ಕೇಳಿದ್ದರೆ ಅವನು ಮೈಲಿಯ ಲೆಕ್ಕ ಹೇಳುತ್ತಿದ್ದನೋ ಇಲ್ಲವೋ, ಸುಂಕದ ಕಟ್ಟೆಗಳ ಲೆಕ್ಕವನ್ನಂತೂ ತಪ್ಪದೆ ಹೇಳುತ್ತಿದ್ದ. ಆ ಕಟ್ಟೆಗಳು 26.

ಇದು ಕಟ್ಟುಕಥೆಯ ಅಂಕಿಯಲ್ಲ. 1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ವಹಿಸಿಕೊಂಡ ತರುವಾಯ ಸಾಯಿರ್ ಬಾಬಿನ ಅವ್ಯವಸ್ಥೆಯನ್ನು ವಿವರಿಸಿದ ಸರಕಾರಿ ವರದಿಗಳಲ್ಲಿ ಬರುವ ಮಾತು. ಒಂದು ಎತ್ತಿನ ಮೇಲಿನ ಅಡಕೆ 26 ಕಡೆ ನಿಲ್ಲಬೇಕು, 26 ಕಡೆ ಗೋಣಿ ಬಿಚ್ಚಿ ತೋರಿಸಬೇಕು, 26 ಮಂದಿಯ ಮುಖ ನೋಡಬೇಕು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ನಮ್ಮ ಗಾದೆ ಯಾವ ಅನುಭವದಿಂದ ಹುಟ್ಟಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಹಾದಿಯ ನಡುಭಾಗದಲ್ಲಿ ನಮ್ಮ ಚಿತ್ರದುರ್ಗದ ಸೀಮೆ ಇತ್ತು. ದುರ್ಗದ ಬೆಟ್ಟವನ್ನು ಹತ್ತಿದವರಿಗೆಲ್ಲ ಓಬವ್ವನ ಕಿಂಡಿಯನ್ನು ತೋರಿಸುತ್ತಾರೆ, ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ಎಣಿಸಿ ಹೇಳುತ್ತಾರೆ. ಆದರೆ ಆ ಕೋಟೆಯ ಕೆಳಗೆ ಯಾವ ಸರಕು ಎಲ್ಲಿಂದ ಎಲ್ಲಿಗೆ ಸಾಗುತ್ತಿತ್ತೆಂದು ಹೇಳುವವರನ್ನು ನಾನು ಇದುವರೆಗೆ ಕಂಡಿಲ್ಲ. ಪಾಳೆಯಗಾರರ ಚರಿತ್ರೆಯನ್ನು ನಾವು ಕತ್ತಿಯ ಚರಿತ್ರೆಯೆಂದೇ ಓದುತ್ತೇವೆ. ಅದನ್ನು ಒಮ್ಮೆ ಹಾದಿಯ ಚರಿತ್ರೆಯೆಂದು ಓದಿ ನೋಡಬೇಕು. ಈ ವಂಶದ ಮೂಲಪುರುಷ ತಿಮ್ಮಣ್ಣನಾಯಕನಿಗೆ ವಿಜಯನಗರದ ಅರಸರಿಂದ ಮೊದಲು ದೊರೆತದ್ದು ಹೊಳಲ್ಕೆರೆ, ಆಮೇಲೆ ಹಿರಿಯೂರು, ಚಿತ್ರದುರ್ಗ. ಹೊಳಲ್ಕೆರೆ ಮಲೆನಾಡಿನಿಂದ ಬಯಲಿಗೆ ಇಳಿಯುವವರ ಬಾಗಿಲು. ಹಿರಿಯೂರು ವೇದಾವತಿಯನ್ನು ದಾಟಿ ಶಿರಾದ ಕಡೆ ಹೊರಡುವವರ ಬಾಗಿಲು. 1675ರಲ್ಲಿ ಚಿಕ್ಕಣ್ಣನಾಯಕ ಹೊಸದುರ್ಗವನ್ನು ಕಟ್ಟಿದ್ದು ಬಾಗೂರಿನ ಮುಸಲ್ಮಾನ ಅಧಿಕಾರಿಗಳ ಮೇಲಿನ ಹಗೆಯಿಂದ ಎನ್ನುತ್ತಾರೆ. ಇರಬಹುದು. ಆದರೆ ಆ ಬೆಟ್ಟದ ಮೇಲೆ ಕುಳಿತವನ ಕಣ್ಣಿಗೆ ದಕ್ಷಿಣದ ಹಾದಿಯೂ ಬೀಳುತ್ತಿತ್ತೆಂಬುದನ್ನು ಮರೆಯಲಾಗದು.

1750ರ ಸುಮಾರಿನಲ್ಲಿ ಒಂದು ಹೇರು ಹೊರಟಿತೆಂದು ಭಾವಿಸೋಣ. ಕೆಳದಿಯವರ ನಾಡನ್ನು ಬಿಟ್ಟರೆ ತರೀಕೆರೆ, ಚಿತ್ರದುರ್ಗಗಳ ಪಾಳೆಯಪಟ್ಟುಗಳು. ಹಿರಿಯೂರನ್ನು ಹಿಂದೆ ಹಾಕಿದರೆ 1687ರಿಂದ ಮೊಗಲರ ಸುಭೆಯಾಗಿದ್ದ ಶಿರಾ. ಅಲ್ಲಿಂದಾಚೆ ಮೈಸೂರಿನವರೂ ಮರಾಠರೂ ಪರಸ್ಪರ ಕಿತ್ತಾಡುತ್ತಿದ್ದ ಸೀಮೆ. ಘಟ್ಟ ಇಳಿದರೆ ಆರ್ಕಾಟಿನ ನವಾಬನ ರಾಜ್ಯ. ಈ ಹೊತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ಅಂತರರಾಷ್ಟ್ರೀಯ ಸಾಗಣೆಯೇ ಸರಿ. ಹಣದ ಹೆಸರು ಬೇರೆ, ತೂಕದ ಕಲ್ಲು ಬೇರೆ, ಯುದ್ಧದ ಸುದ್ದಿಯಂತೂ ದಿನಕ್ಕೊಂದು.

ಹೀಗಿರಲು ಪ್ರಯಾಣದ ಏರ್ಪಾಡು ಹುಡುಗಾಟವಾಗಿರಲಿಲ್ಲ. ಹೇರೆತ್ತು ಹೊರುತ್ತಿದ್ದುದು ನೂರು ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು. ದೊಡ್ಡ ತಾಂಡ ದಿನಕ್ಕೆ ನಡೆಯುತ್ತಿದ್ದುದು ಆರೆಂಟು ಮೈಲಿ. 1632ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಂಚರಿಸುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 14,000 ಎತ್ತುಗಳ ತಾಂಡವೊಂದನ್ನು ಕಂಡು ಬರೆದಿಟ್ಟ ಲೆಕ್ಕವೂ ಇದೇ. ಆ ನಡಿಗೆಯಲ್ಲಿ ನಗರದಿಂದ ವಾಲಾಜಾಪೇಟೆಗೆ ಒಂದೂವರೆ ತಿಂಗಳಿಗೆ ಕಡಿಮೆಯಾಗದು. ಎತ್ತಿಗೆ ಮೇವನ್ನು ಹೊತ್ತೊಯ್ಯುವಂತಿಲ್ಲ, ಹೊತ್ತರೆ ಸರಕಿಗೆ ಸ್ಥಳವಿಲ್ಲ. ಆದುದರಿಂದ ಮಳೆ ನಿಂತು, ಹೊಲ ಕೊಯ್ದು, ಕೆರೆಗಳಲ್ಲಿ ಇನ್ನೂ ನೀರಿರುವಾಗಲೇ ಹೊರಡಬೇಕು. ದುರ್ಗದ ಸೀಮೆ ಒಣನಾಡು. ಅಲ್ಲಿ ಒಂದು ಕೆರೆ ಬತ್ತಿದರೆ ಇಡೀ ದಿನದ ದಾರಿ ಕೆಡುತ್ತಿತ್ತು. ಬರುವಾಗ ಎತ್ತು ಬರಿಬೆನ್ನಿನಲ್ಲಿ ಬರಕೂಡದು. ಹೋಗುವಾಗ ಅಡಕೆ, ಮೆಣಸು. ಬರುವಾಗ ಉಪ್ಪು, ಘಟ್ಟದ ಕೆಳಗಿನ ಬಟ್ಟೆ, ಮದರಾಸಿನ ಹಡಗುಗಳಲ್ಲಿ ಬಂದ ಯೂರೋಪು-ಚೀಣಾಗಳ ಸಾಮಾನು. ‘ವಾಪಸು ಲೋಡು’ ಸಿಗದೆ ಹಿರಿಯೂರಿನ ಹೆದ್ದಾರಿಯ ಬದಿಯಲ್ಲಿ ಎರಡು ದಿನ ಕಾಯುವ ಇಂದಿನ ಲಾರಿಯ ಡ್ರೈವರಿಗೆ ಈ ಲೆಕ್ಕವನ್ನು ನಾನು ವಿವರಿಸಬೇಕಾಗಿಲ್ಲ.

ಈ ವ್ಯಾಪಾರದ ದೊಡ್ಡ ಪೇಟೆಯಾಗಿ ಬೆಳೆದದ್ದು 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆ. ಹೈದರಾಲಿ ಅದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಅವನು ವರ್ತಕರನ್ನು ಕರೆಕರೆದು ನೆಲೆಗೊಳಿಸಿದ. ನಗರಕ್ಕೂ ವಾಲಾಜಾಪೇಟೆಗೂ ನಡುವಣ ಸಾಗಣೆ ಬಹುಮಟ್ಟಿಗೆ ಅಲ್ಲಿಯ ವೀರಶೈವ ವರ್ತಕರ ಕೈಯಲ್ಲಿತ್ತು.

ಇನ್ನು ನನಗೆ ವಿಚಿತ್ರವಾಗಿ ತೋರುವ ಸಂಗತಿಗೆ ಬರುತ್ತೇನೆ. ಹೈದರಾಲಿ 1761ರಲ್ಲಿ ಶಿರಾವನ್ನೂ, 1763ರಲ್ಲಿ ಬಿದನೂರನ್ನೂ, 1779ರಲ್ಲಿ ಮದಕರಿನಾಯಕನ ಚಿತ್ರದುರ್ಗವನ್ನೂ ಗೆದ್ದ. ಅಲ್ಲಿಗೆ ಮಲೆನಾಡಿನಿಂದ ಘಟ್ಟದ ಅಂಚಿನವರೆಗೆ ಒಂದೇ ರಾಜ್ಯವಾಯಿತು. ಗಡಿಗಳೆಲ್ಲ ಅಳಿಸಿದುವು. ವಾಚಕರು ಸಹಜವಾಗಿ ಕೇಳಬಹುದು: ಹಾಗಾದರೆ ಕಟ್ಟೆಗಳೂ ಅಳಿಸಿರಬೇಕಲ್ಲವೆ? ಇಲ್ಲ. ಟೀಪುವಿನ ಕಾಲದಲ್ಲಿ ನವಾಬನ ನಾಡಿನೊಡನೆ ವ್ಯಾಪಾರಕ್ಕೇ ತಡೆ ಬಿದ್ದಿತು. 1799ರ ತರುವಾಯ ಆ ತಡೆ ಹೋಯಿತು. ಕಟ್ಟೆಗಳು ಮಾತ್ರ ಕುಳಿತಲ್ಲಿಯೇ ಕುಳಿತಿದ್ದುವು. ಚಿತ್ರದುರ್ಗ ಬಿದ್ದು ಅರ್ಧ ಶತಮಾನವಾದ ಮೇಲೆ, ಒಂದೇ ರಾಜ್ಯದೊಳಗೆ, ಒಂದೇ ಹಾದಿಯಲ್ಲಿ 26 ಕಟ್ಟೆ! ಸುಂಕವನ್ನು ಇಜಾರೆಗೆ ಕೊಡುತ್ತಿದ್ದುದೇ ಇದರ ಗುಟ್ಟು. ಹಣ ಕಟ್ಟಿ ಇಜಾರೆ ಹಿಡಿದವನಿಗೆ ಗಡಿ ಎಲ್ಲಿದೆಯೆಂಬುದು ಬೇಕಿಲ್ಲ, ಹಾದಿ ಎಲ್ಲಿದೆಯೆಂಬುದಷ್ಟೇ ಬೇಕು. ರಾಜ್ಯವನ್ನು ಗೆಲ್ಲಲು ಹೈದರನಿಗೆ ಇಪ್ಪತ್ತು ವರ್ಷ ಸಾಕಾಯಿತು. ಸುಂಕದ ಕಟ್ಟೆಯನ್ನು ಕೀಳಲು ಅದರ ಎರಡು ಪಾಲಿಗಿಂತ ಹೆಚ್ಚು ಕಾಲ ಹಿಡಿಯಿತು.

ಕಿತ್ತವನು 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್. ಅವನ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳು 769 ಎಂದು ಲೆಕ್ಕವಿದೆ. ಅಡಕೆಯ ಸುಂಕವನ್ನು ಹೆಜ್ಜೆಹೆಜ್ಜೆಗೆ ಕೀಳುವ ಬದಲು ಒಂದೆಡೆ ಪಡೆಯುವ ಕ್ರಮ ಬಂದಿತು. ಪರದೇಶದ ಆಡಳಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅವರ ಮದರಾಸು ಪ್ರಾಂತದಲ್ಲಿ ಒಳನಾಡಿನ ಸುಂಕ ರದ್ದಾದದ್ದು 1844ರಲ್ಲಿ, ಅದೂ ಅವರ ಸೀಮೆಯ ಬಟ್ಟೆಗೆ ದಾರಿ ಸಲೀಸಾಗಲೆಂಬ ಆಸೆ ಬೆರೆತಿದ್ದ ಕಾಲದಲ್ಲಿ.

ಒಂದೆಡೆ ಹಣ ಕಟ್ಟಿ, ಮುದ್ರೆ ಹಾಕಿಸಿ, ನಡುವೆ ಯಾರೂ ಬಿಚ್ಚದಂತೆ ಸರಕು ಸಾಗಬೇಕೆಂಬ ಈ ವಿಚಾರ ಹಳೆಯದಾದರೂ ಜಗತ್ತು ಅದನ್ನು ಮತ್ತೆಮತ್ತೆ ಕಂಡುಹಿಡಿಯುತ್ತಿದೆ. ಯೂರೋಪಿನ ರಾಷ್ಟ್ರಗಳು ಎರಡನೆಯ ಮಹಾಯುದ್ಧವಾದ ಬಳಿಕ 1949ರಲ್ಲಿ ಆರಂಭಿಸಿ, 1959ರಲ್ಲಿಯೂ 1975ರಲ್ಲಿಯೂ ಒಪ್ಪಂದವಾಗಿ ಬೆಳೆಸಿದ ‘ಟಿಐಆರ್’ ಪದ್ಧತಿ ಇದೇ ತಾನೆ? ಹೊರಡುವ ಕಡೆ ಲಾರಿಗೆ ಮುದ್ರೆ, ಸುಂಕಕ್ಕೆ ಜಾಮೀನು, ನಡುವಣ ದೇಶಗಳಲ್ಲಿ ಕಾಗದ ತೋರಿಸಿ ಮುಂದಕ್ಕೆ. ಭಾರತ ಅದಕ್ಕೆ ಸೇರಿದ್ದು 2017ರಲ್ಲಿ. ಅದೇ ವರ್ಷ ಜುಲೈ 1ರಂದು ಜಿಎಸ್‌ಟಿ ಬಂದು ರಾಜ್ಯರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಮುಚ್ಚಿದುವು. ಸ್ವಾತಂತ್ರ್ಯ ಬಂದ 70 ವರ್ಷಗಳವರೆಗೂ ನಮ್ಮ ಲಾರಿಗಳು ಒಂದೇ ದೇಶದೊಳಗೆ ಕಟ್ಟೆಕಟ್ಟೆಗೆ ನಿಂತಿದ್ದುವೆಂಬುದನ್ನು ನೆನೆದರೆ 1831ರ ಅಡಕೆಯ ವರ್ತಕ ನಮಗೆ ಅಷ್ಟೇನೂ ಅಪರಿಚಿತನೆನಿಸುವುದಿಲ್ಲ. ಹಿರಿಯೂರು, ಚಿತ್ರದುರ್ಗಗಳನ್ನು ಹಾಯುವ ಹೆದ್ದಾರಿಗೆ ಏಷ್ಯಾ ಹೆದ್ದಾರಿಗಳ ಪಟ್ಟಿಯಲ್ಲಿ 47ನೆಯ ಅಂಕೆ ಸಿಕ್ಕಿದೆ. ಆದರೆ ಅಂಕೆ ಸಿಕ್ಕಿದ ಮಾತ್ರಕ್ಕೆ ಗಡಿ ತೆರೆಯಲಿಲ್ಲ. 2019ರ ಆಗಸ್ಟಿನಲ್ಲಿ ಪಾಕಿಸ್ತಾನ ನಮ್ಮೊಡನೆ ವ್ಯಾಪಾರವನ್ನು ನಿಲ್ಲಿಸಿದ ಮೇಲೆ ಪಶ್ಚಿಮದ ನೆಲದ ಹಾದಿ ಇನ್ನಷ್ಟು ದೂರವಾಯಿತು.

ಕಟ್ಟೆಗಳೇನೋ ಹೋದುವು. ಅವುಗಳ ನಡುವೆ ದಾರಿ ಬಲ್ಲವರಾಗಿದ್ದ ಜನ ಏನಾದರು? ಕಬ್ಬನ್ನನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು, ಹೇರೆತ್ತಿನ ಜಾಗಕ್ಕೆ ಗಾಡಿ ಬಂದಿತು. 1880ರ ದಶಕದಲ್ಲಿ ಬೆಂಗಳೂರು-ಹರಿಹರ ರೈಲು ಹಿರಿಯೂರು-ದುರ್ಗಗಳನ್ನು ಬದಿಗಿಟ್ಟು ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಮೂಲಕ ಸಾಗಿತು. ಚಿತ್ರದುರ್ಗಕ್ಕೆ ಚಿಕ್ಕಜಾಜೂರಿನಿಂದ ಕವಲು ದಾರಿ ಬಂದದ್ದು 1921ರಲ್ಲಿ. ಪೇಟೆಯ ವರ್ತಕರು ಗಾಡಿಗೂ ರೈಲಿಗೂ ಹೊಂದಿಕೊಂಡರು. ಲಂಬಾಣಿಗಳಿಗೆ ಅದು ಸಾಧ್ಯವಾಗಲಿಲ್ಲ. ದವಸ, ಉಪ್ಪುಗಳನ್ನು ಯಾವ ರಾಜನ ಗಡಿಯನ್ನಾದರೂ ದಾಟಿಸಬಲ್ಲವರು ಅವರು. ಯುದ್ಧ ನಡೆಯುತ್ತಿರುವಾಗಲೂ ಎರಡೂ ಪಕ್ಷಗಳಿಗೆ ಬೇಕಾದವರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಕಾರ್ನ್‌ವಾಲಿಸನ ದಂಡು ಹಸಿವಿನಿಂದ ಸಾಯದೆ ಉಳಿದದ್ದರಲ್ಲಿ ಬಂಜಾರರ ಎತ್ತುಗಳ ಪಾಲು ದೊಡ್ಡದು. ಎಂಬತ್ತು ವರ್ಷ ಕಳೆಯುವುದರೊಳಗೆ, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕೆಳಗೆ, ಹಲವು ಪ್ರಾಂತಗಳಲ್ಲಿ ಅದೇ ಬಂಜಾರರ ಹೆಸರು ಪಟ್ಟಿಗೆ ಏರಿತು. ಸರಕು ಹೊತ್ತು ಊರೂರು ತಿರುಗಿದರೆ ಸಾಗಣೆಗಾರ; ಸರಕಿಲ್ಲದೆ ತಿರುಗಿದರೆ ಕಳ್ಳ!

1952ರಲ್ಲಿ ಆ ಕಾಯಿದೆ ರದ್ದಾಯಿತು. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಗಳು ಈಗಲೂ ಇವೆ. ತಾಂಡವೆಂದರೆ ಮೊದಲಿಗೆ ಊರಲ್ಲ, ಹೇರೆತ್ತುಗಳ ಸಾಲು. ನಡೆಯುತ್ತಿದ್ದ ಆ ಸಾಲು ನಿಂತಲ್ಲಿಯೇ ನೆಲೆಯಾಯಿತು. ನಿಂತ ನೆಲವನ್ನು ಕಂದಾಯ ಗ್ರಾಮವೆಂದು ಬರೆಸಿಕೊಳ್ಳಲು ತಾಂಡಗಳು ಕಚೇರಿಯಿಂದ ಕಚೇರಿಗೆ ಅಲೆದದ್ದು ನಮ್ಮ ಕಾಲದ ಸಂಗತಿ.