ಹವಾಲಾ ಇಲ್ಲದ ಸುದ್ದಿ

ಹವಾಲಾ ಎಂದೊಡನೆ ಕನ್ನಡ ಪತ್ರಿಕೆಗಳ ಓದುಗರಿಗೆ ನೆನಪಾಗುವುದು ಕಳ್ಳ ಹಣದ ವ್ಯವಹಾರ. ಉರ್ದುವಿನಲ್ಲಿ ಆ ಪದಕ್ಕೆ ಇನ್ನೊಂದು ಗೌರವದ ಅರ್ಥವಿದೆ. ಆಡಿದ ಮಾತನ್ನು ಎಲ್ಲಿಂದ ತಂದೆವೆಂದು ತೋರಿಸುವ ಆಧಾರವೂ ಹವಾಲಾ. ಬೇರೆ ಪತ್ರಿಕೆಯಿಂದ ಎತ್ತಿಕೊಂಡ ಬರಹದ ಕೆಳಗೆ ಕನ್ನಡದಲ್ಲಿ 'ಕೃಪೆ' ಎಂದು ಹಾಕುವುದೂ ಇದೇ ಮರ್ಯಾದೆ. ಅಂತರ್ಜಾಲದಲ್ಲಿ ಈ ಕೆಲಸ ಮಾಡುವುದು ಕೊಂಡಿ. ಎಲ್ಲರ ಬಾಯಲ್ಲಿ ಅದು ಲಿಂಕ್. ದಿನವೂ ಅದನ್ನು ಅತ್ತಿಂದಿತ್ತ ಕಳಿಸುವ ನಾವು ಅದರ ಚರಿತ್ರೆಯತ್ತ ಒಮ್ಮೆ ಕಣ್ಣು ಹಾಯಿಸುವುದು ಒಳಿತು.

1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರನ್ನು ಒಂದು ಸಮಸ್ಯೆ ಕಾಡುತ್ತಿತ್ತು. ವಿಜ್ಞಾನಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಅವರೊಂದಿಗೆ ಮಾಹಿತಿಯೂ ಕಳೆದುಹೋಗುತ್ತಿತ್ತು. ಪ್ರತಿಯೊಂದು ಪುಟಕ್ಕೂ ಒಂದು ವಿಳಾಸವಿರಲಿ, ಒಂದು ಪುಟದಿಂದ ಇನ್ನೊಂದಕ್ಕೆ ದಾರಿಯಿರಲಿ ಎಂಬುದು ಅವರು ಕಂಡುಕೊಂಡ ಪರಿಹಾರ. 1991ರಲ್ಲಿ ಅದು ಹೊರಜಗತ್ತಿಗೆ ತೆರೆದುಕೊಂಡಿತು. ಆ ವಿಳಾಸದಲ್ಲಿ ಮನೆಯ ಹೆಸರು ಎದ್ದು ಕಾಣುತ್ತಿತ್ತು. ಯಾರ ಬಾಗಿಲು ತಟ್ಟುತ್ತಿದ್ದೇವೆಂದು ಓದುಗನಿಗೆ ಮೊದಲೇ ತಿಳಿಯುತ್ತಿತ್ತು.

ಮುಂದಿನ ವರ್ಷಗಳಲ್ಲಿ ಈ ಹೆಸರು ಮರೆಯಾಗುತ್ತಾ ಬಂತು. 2006ರಲ್ಲಿ ಆರಂಭವಾದ ಟ್ವಿಟರ್‌ನಲ್ಲಿ 140 ಅಕ್ಷರಗಳಿಗೆ ಮಾತ್ರ ಜಾಗವಿತ್ತು. ಉದ್ದನೆಯ ವಿಳಾಸವೇ ಆ ಜಾಗವನ್ನು ನುಂಗುತ್ತಿದ್ದುದರಿಂದ ವಿಳಾಸವನ್ನು ಮೊಟಕುಗೊಳಿಸುವ ಸೇವೆಗಳಿಗೆ ಬೇಡಿಕೆ ಬಂತು. 2002ರಲ್ಲೇ ಟೈನಿಯುಆರ್‌ಎಲ್ ಹುಟ್ಟಿತ್ತು; 2008ರಲ್ಲಿ ಬಿಟ್‌ಲಿ, 2009ರಲ್ಲಿ ಗೂಗಲ್‌ನ ಸೇವೆ ಬಂದವು. ಗಿಡ್ಡ ವಿಳಾಸದಿಂದ ಜಾಗ ಉಳಿಯಿತು. ಆದರೆ ಅದು ಯಾವ ಮನೆಗೆ ಒಯ್ಯುತ್ತದೆಂಬುದು ಮುಚ್ಚಿಹೋಯಿತು. ನಡುವಿನ ಸೇವೆ ಬಾಗಿಲು ಮುಚ್ಚಿದರೆ ದಾರಿಯೂ ಮುಚ್ಚುತ್ತದೆ. ಗೂಗಲ್ ತನ್ನ ಸೇವೆಯನ್ನು ನಿಲ್ಲಿಸುವುದಾಗಿ 2018ರಲ್ಲಿ ಸಾರಿತು. ಬಳಕೆಯಲ್ಲಿಲ್ಲದ ಹಳೆಯ ಕೊಂಡಿಗಳನ್ನು ಸ್ಥಗಿತಗೊಳಿಸುವುದಾಗಿ 2025ರಲ್ಲಿ ಪ್ರಕಟಿಸಿತು.

2010ರಲ್ಲಿ ಫೇಸ್‌ಬುಕ್ ತಂದ ಏರ್ಪಾಡಿನಿಂದ ಹಂಚಿಕೊಂಡ ಕೊಂಡಿಯ ಜೊತೆಗೆ ಯಾವ ಚಿತ್ರ, ಯಾವ ಶೀರ್ಷಿಕೆ ಕಾಣಬೇಕೆಂದು ಜಾಲತಾಣಗಳೇ ಗೊತ್ತುಪಡಿಸುವಂತಾಯಿತು. ಇದು ಅನುಕೂಲವೇ ಸರಿ. ಆದರೆ ಅನೇಕರಿಗೆ ಶೀರ್ಷಿಕೆಯೇ ಸಾಕಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟ್ವಿಟರ್‌ನಲ್ಲಿ ಹಂಚಲಾದ ಸುದ್ದಿಯ ಕೊಂಡಿಗಳಲ್ಲಿ ಶೇ. 59ರಷ್ಟನ್ನು ಯಾರೂ ತೆರೆದೇ ಇರಲಿಲ್ಲ! 2020ರಲ್ಲಿ ಟ್ವಿಟರ್ 'ಮೊದಲು ಓದುತ್ತೀರಾ?' ಎಂದು ಬಳಕೆದಾರರನ್ನು ಕೇಳಿ ನೋಡಿತು. ಆ ಪ್ರಶ್ನೆ ಕಂಡವರು ಲೇಖನ ತೆರೆಯುವುದು ಶೇ. 40ರಷ್ಟು ಹೆಚ್ಚಾಯಿತೆಂದು ಸಂಸ್ಥೆಯೇ ಹೇಳಿತು. ಒಂದು ಕ್ಷಣ ತಡೆದು ಕೇಳಿದರೂ ಮನುಷ್ಯ ಎಚ್ಚೆತ್ತುಕೊಳ್ಳುತ್ತಾನೆ ಎಂದಾಯಿತು.

ವಾಟ್ಸಾಪ್‌ನಲ್ಲಂತೂ ಕೊಂಡಿಯೇ ಇಲ್ಲದೆ ವೀಡಿಯೊ ಮಾತ್ರ ಓಡಾಡತೊಡಗಿತು. ಇದಕ್ಕೆ ತೆತ್ತ ಬೆಲೆಯನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಒಂದು ಜಾಗೃತಿ ಚಿತ್ರ ಮಾಡಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರಳಿ ತಂದು ಬಿಟ್ಟು, ಫಲಕ ಹಿಡಿದು ಎಚ್ಚರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕು ನಮ್ಮೂರಿನ ಮಕ್ಕಳ ಕಳ್ಳರ ಚಿತ್ರವಾಗಿ ಹರಿದಾಡಿತು. ಇಂತಹ ವದಂತಿಗಳ ಆ ದಿನಗಳಲ್ಲಿ, 2018ರ ಮೇ ತಿಂಗಳಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದವನೊಬ್ಬನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನ ಮೇಲೆ ಜನ ಮುಗಿಬಿದ್ದರು. ಅವರಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬ ಪ್ರಾಣ ಕಳೆದುಕೊಂಡ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಿತು.

ಆ ತುಣುಕಿನೊಂದಿಗೆ ಮೂಲದ ವಿಳಾಸವೂ ಬಂದಿದ್ದರೆ, ಹತ್ತು ಮಂದಿಯಲ್ಲಿ ಒಬ್ಬನಾದರೂ ತೆರೆದು ನೋಡುತ್ತಿರಲಿಲ್ಲವೇ? ಊರು ಯಾವುದು, ಕೊನೆಯಲ್ಲಿ ಏನಾಯಿತು ಎಂದು ಉಳಿದವರಿಗೆ ಹೇಳುತ್ತಿರಲಿಲ್ಲವೇ?

ಆದುದರಿಂದ ಲಿಂಕ್ ಹಂಚುವುದಕ್ಕೂ ಒಂದು ಶಿಸ್ತು ಬೇಕು. ಮೊದಲು ತೆರೆದು ಕೊನೆಯವರೆಗೆ ಓದೋಣ. ಗಿಡ್ಡ ವಿಳಾಸದ ಬದಲು ಪೂರ್ಣ ವಿಳಾಸವನ್ನೇ ಕೊಡೋಣ. ಪರದೆಯ ಚಿತ್ರ ತೆಗೆದು ಕಳಿಸಿದರೆ ಓದುಗನಿಗೆ ಮೂಲ ಸಿಗುವುದಿಲ್ಲ. ಬರೆದವರು ಯಾರು, ಯಾವ ವರ್ಷದ್ದು, ಏಕೆ ಓದಬೇಕು ಎಂಬುದನ್ನು ನಮ್ಮದೇ ಎರಡು ಸಾಲುಗಳಲ್ಲಿ ಹೇಳೋಣ. ಹಳೆಯ ಗಲಭೆಯ ಸುದ್ದಿ ಹೊಸ ವೇಷದಲ್ಲಿ ಬರುವುದು ತಾರೀಖು ಕಾಣದಿದ್ದಾಗಲೇ. ಇಪ್ಪತ್ತು ಗುಂಪುಗಳಿಗೆ ಎಸೆಯುವುದಕ್ಕಿಂತ, ಬೇಕಾದ ಇಬ್ಬರಿಗೆ ಹೆಸರು ಹಿಡಿದು ಕಳಿಸಿದರೆ ಅವರು ಓದುವ ಸಂಭವ ಹೆಚ್ಚು. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ತಿಳಿಸಿತು. ಮುಖ್ಯವಾದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿಟ್ಟರೆ ನಾಳೆಯೂ ಹುಡುಕಬಹುದು.

ಉರ್ದುವಿನಲ್ಲಿ 'ಹವಾಲೆ ಮಾಡುವುದು' ಎಂದರೆ ಒಪ್ಪಿಸುವುದು. ಲಿಂಕ್ ಕಳಿಸುವವನು ಓದುಗನ ನಂಬಿಕೆಯನ್ನು ಯಾರದೋ ಕೈಗೆ ಒಪ್ಪಿಸುತ್ತಿರುತ್ತಾನೆ. ಆ ಕೈ ಯಾರದ್ದೆಂದು ಮೊದಲು ನೋಡಿಕೊಳ್ಳಬೇಕಾದವರು ನಾವೇ.